ಚಿಕ್ಕಮ್ಮನ ಕಣ್ಣು, ಕಂಪ್ಯೂಟರಿನ ಪರದೆ

ನಮ್ಮ ಚಿಕ್ಕಮ್ಮ ಕೆಲಸ ಮಾಡುವುದು ಒಂದು ಕಣ್ಣಾಸ್ಪತ್ರೆಯಲ್ಲಿ. ಡಾಕ್ಟರಲ್ಲ, ನರ್ಸೂ ಅಲ್ಲ. ಗಾಜಿನ ಬಾಗಿಲು ತಳ್ಳಿ ಒಳಗೆ ಕಾಲಿಟ್ಟರೆ ಎದುರಿಗೇ ಸಿಗುವ ಮೇಜು ಅವಳದು. ಬಂದವರ ಹೆಸರು, ವಯಸ್ಸು, ಎಡಗಣ್ಣೋ ಬಲಗಣ್ಣೋ, ನೀರು ಸೋರುವುದೋ ನವೆಯೋ, ಇಷ್ಟನ್ನು ಬರೆದುಕೊಂಡು, ಕೈಗೊಂದು ನಂಬರಿನ ಚೀಟಿ ಕೊಟ್ಟು, ಸರದಿ ಬಂದಾಗ ಒಳಗೆ ಬಿಡುವುದು ಅವಳ ಕೆಲಸ. "ಮೊದಲು ನನ್ನ ಕಣ್ಣಿಗೆ ಬೀಳದೆ ಇಲ್ಲಿ ಯಾರ ಕಣ್ಣಿನ ಪೊರೆಯೂ ಹೋಗಿಲ್ಲ" ಎಂಬುದು ಇಪ್ಪತ್ತೆರಡು ವರ್ಷದಿಂದ ಅವಳು ಕಾಪಾಡಿಕೊಂಡು ಬಂದಿರುವ ಜಂಬ.

ಆ ಕೆಲಸ ಅವಳು ಅರ್ಜಿ ಹಾಕಿ ಗಿಟ್ಟಿಸಿದ್ದಲ್ಲ. ಅತ್ತೆಯ ಕಣ್ಣು ತೋರಿಸಲು ಹೋಗಿದ್ದಳು. ಆಗ ಆಸ್ಪತ್ರೆಯೆಂದರೆ ಎರಡು ಕೋಣೆ, ಒಂದು ಪಡಸಾಲೆ, ಒಬ್ಬ ಡಾಕ್ಟರು. ಪಡಸಾಲೆಯಲ್ಲಿ ಮೂವತ್ತು ಜನ. ಮೂವತ್ತು ಜನವೂ "ನಾನೇ ಮೊದಲು ಬಂದಿದ್ದು" ಎನ್ನುವವರು. ಕಾದು ಕಾದು ಬೇಸತ್ತ ಚಿಕ್ಕಮ್ಮ ಎದ್ದು ನಿಂತು, ಒಬ್ಬರಿಗೆ ಇನ್ನೊಬ್ಬರನ್ನು ಸಾಕ್ಷಿ ಮಾಡಿ, ಯಾರ ಹಿಂದೆ ಯಾರು ಬಂದರೆಂದು ವಿಚಾರಣೆ ನಡೆಸಿ, ಕಾಲು ಗಂಟೆಯಲ್ಲಿ ಎಲ್ಲರನ್ನೂ ಗೋಡೆಯುದ್ದಕ್ಕೂ ಸಾಲಾಗಿ ಕೂರಿಸಿಬಿಟ್ಟಳು. ಗಲಾಟೆ ನಿಂತದ್ದಕ್ಕೇ ಗಾಬರಿಯಾಗಿ ಡಾಕ್ಟರು ಹೊರಗೆ ಬಂದರು.

"ಯಾರಮ್ಮ ಇದನ್ನ ಮಾಡಿದ್ದು?"

ಅತ್ತೆ, ಪೊರೆ ತುಂಬಿದ ಕಣ್ಣನ್ನು ದನಿ ಬಂದ ಕಡೆಗೆ ತಿರುಗಿಸಿ, "ನಮ್ಮ ಸೊಸೆ. ಮನೇಲೂ ಹೀಗೇ ಮಾಡ್ತಾಳೆ. ಬೇಕಿದ್ರೆ ನೀವೇ ಇಟ್ಕೊಳಿ" ಅಂದರಂತೆ. ಮರುವಾರವೇ ಚಿಕ್ಕಮ್ಮ ಆ ಮೇಜಿನ ಹಿಂದೆ ಕೂತಳು.

ಕೂತಳು ಎನ್ನುವುದು ಬರೀ ಮಾತಿಗೆ. ಸೇರಿದ ಎರಡನೆಯ ದಿನ, ಎರಡೂ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಹೊರಬಂದ ಹೆಂಗಸೊಬ್ಬರು ತಡವರಿಸುತ್ತ ಮೂಲೆಗೆ ಹೋದರು. ಅಲ್ಲಿ ಕಂಬದ ಗೂಟಕ್ಕೆ ಡಾಕ್ಟರ ಕೋಟು ತೂಗುಹಾಕಿತ್ತು. ಅದರ ತೋಳು ಕೈಗೆ ತಾಕಿದ್ದೇ, ಇದು ಡಾಕ್ಟರೇ ಎಂದುಕೊಂಡ ಅವರು ಹತ್ತು ನಿಮಿಷ ತಮ್ಮ ತಲೆನೋವು, ನಿದ್ದೆಗೇಡು, ಕೊನೆಗೆ ಮಗನ ಸಂಸಾರದ ತಾಪತ್ರಯವನ್ನೂ ಕೋಟಿಗೆ ಹೇಳಿಕೊಂಡರು. ಪಡಸಾಲೆಯಲ್ಲಿದ್ದವರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಚಿಕ್ಕಮ್ಮನಿಗೆ ನಗು ಬರಲಿಲ್ಲ. ಅವತ್ತಿನಿಂದ ಕಣ್ಣಿಗೆ ಪಟ್ಟಿಯಿರಲಿ, ಬರೀ ಹನಿ ಹಾಕಿಸಿಕೊಂಡು ಮಂಜಾಗಿರಲಿ, ಯಾರೇ ಹೊರಬಂದರೂ ಅವಳು ಎದ್ದು ಹೋಗಿ ಮೊಣಕೈ ಹಿಡಿದು ಕೂರಿಸುತ್ತಾಳೆ. ದಿನಕ್ಕೆ ಅರವತ್ತು ಸಲವಾದರೂ ಏಳುವುದುಂಟು.

"ಮನೇಲಿ ಒಂದು ಲೋಟ ನೀರು ಕೇಳಿದ್ರೆ ಏಳಲ್ಲ ನೋಡು" ಎಂದು ಚಿಕ್ಕಪ್ಪ ನನ್ನ ಹತ್ತಿರ ಚಾಡಿ ಹೇಳಿದರೆ, "ನೀವೂ ಕಣ್ಣಿಗೆ ಪಟ್ಟಿ ಕಟ್ಟಿಸ್ಕೊಂಡು ಬನ್ನಿ, ಏಳ್ತೀನಿ" ಎಂಬ ಉತ್ತರ ಅಡುಗೆಮನೆಯಿಂದ ಬರುತ್ತಿತ್ತು.

ಎದ್ದೂ ಎದ್ದೂ ಮಂಡಿ ಸವೆಯಿತು. ಆಸ್ಪತ್ರೆಯವರು ಅವಳ ಇಪ್ಪತ್ತು ವರ್ಷದ ಸೇವೆಗೆ ಏನಾದರೂ ಉಡುಗೊರೆ ಕೊಡಬೇಕೆಂದುಕೊಂಡವರು, ಮರೆತು, ಇಪ್ಪತ್ತೆರಡನೆಯ ವರ್ಷದಲ್ಲಿ ಜ್ಞಾಪಿಸಿಕೊಂಡು, ಎಲ್ಲ ಸೇರಿ ಒಂದು ಕುರ್ಚಿ ತಂದುಕೊಟ್ಟರು. ಆರಿಸಿದವನು ಕನ್ನಡಕದಣ್ಣ, ಅಂದರೆ ಪಕ್ಕದ ಕೋಣೆಯಲ್ಲಿ ಕಣ್ಣು ಪರೀಕ್ಷೆ ಮಾಡಿ ಕನ್ನಡಕದ ನಂಬರು ಬರೆದುಕೊಡುವ ಆಸಾಮಿ. ಚಕ್ರದ ಕುರ್ಚಿ, ಮೆತ್ತನೆಯ ಕಪ್ಪು ಬಟ್ಟೆ, ಬಲಗಡೆ ಒಂದು ಹಿಡಿ. ಹಿಡಿ ಎತ್ತಿದರೆ ಉಸ್ಸೆಂದು ಏರುತ್ತದೆ, ಉಸ್ಸೆಂದು ಇಳಿಯುತ್ತದೆ. ಹಳೆಯ ಮರದ ಕುರ್ಚಿ ಸ್ಟೋರ್ ರೂಮಿಗೆ ಹೋಯಿತು. ಅದೇ ವಾರ ಮೇಜಿನ ಮೇಲಿದ್ದ ಸಣ್ಣ ಮಾನಿಟರ್ ಹೋಗಿ ಕಿಟಕಿಯಷ್ಟು ಅಗಲದ ಹೊಸದು ಬಂತು. ಹೊಸ ಪರದೆ, ಹೊಸ ಸಿಂಹಾಸನ. ಚಿಕ್ಕಮ್ಮ ಎರಡು ದಿನ ಎಲ್ಲರಿಗೂ ಫೋನ್ ಮಾಡಿ ಹೇಳಿಕೊಂಡಳು.

ಮೂರನೆಯ ದಿನ ಪರದೆ ಕಣ್ಣು ಮುಚ್ಚಿತು.

ಹನಿ ಹಾಕಿಸಿಕೊಂಡ ಅಜ್ಜನೊಬ್ಬನನ್ನು ಕೂರಿಸಲು ಎದ್ದವಳು ಹಾಗೇ ತಿರುಗಿ ನೋಡಿದರೆ ಪರದೆ ಕಾಡಿಗೆಯಷ್ಟು ಕಪ್ಪು. "ಅಯ್ಯೋ, ಇದೇನಾಯ್ತು!" ಎನ್ನುವಷ್ಟರಲ್ಲಿ ತಾನಾಗಿಯೇ ಬೆಳಗಿತು. ಮಧ್ಯಾಹ್ನ ಇನ್ನೊಂದು ಸಲ. ಮರುದಿನ ನಾಲ್ಕು ಸಲ. ಹೆಚ್ಚೆಂದರೆ ಮೂರು ಸೆಕೆಂಡು. "ಬನ್ರೋ ನೋಡ್ರೋ" ಎಂದು ಕೂಗಿ ಯಾರಾದರೂ ಓಡಿಬಂದರೆ, ಅದು ಏನೂ ಅರಿಯದ ಹಸುಳೆಯಂತೆ ನಗುತ್ತಿತ್ತು. ನಾನು ಓದಿದ ಕಾನ್ವೆಂಟಿನಲ್ಲಿ ಮಾನಿಟರ್ ಎಂದರೆ ತರಗತಿಯ ಲೀಡರ್ ಹುಡುಗಿ. ಸಿಸ್ಟರ್ ಇಲ್ಲದಾಗ ಆಟವಾಡಿ, ಸಿಸ್ಟರ್ ಬಂದೊಡನೆ ನೆಟ್ಟಗೆ ಕೂರುವವಳು. ಈ ಮಾನಿಟರೂ ಅದೇ ಶಾಲೆಯದು.

ಚಿಕ್ಕಮ್ಮನಿಗೆ ಇದು ಹುಡುಗಾಟವಾಗಿರಲಿಲ್ಲ. ಪರದೆ ಆರಿ ಹತ್ತಿದಾಗೆಲ್ಲ ತಾನು ಬರೆದದ್ದು ಉಳಿಯಿತೋ ಹಾರಿತೋ ಎಂಬ ಅನುಮಾನ. ಉಳಿದೇ ಇರುತ್ತಿತ್ತು. ಆದರೂ, ಎಡಗಣ್ಣಿನ ಜಾಗದಲ್ಲಿ ಬಲಗಣ್ಣು ಕೂತರೆ ಗತಿಯೇನು? ಅದಕ್ಕೇ ಮತ್ತೆ ಕೇಳುತ್ತಿದ್ದಳು. "ಯಾವ ಕಣ್ಣಂದ್ರಿ?" "ಎಡಗಣ್ಣಮ್ಮ, ಈಗ ತಾನೇ ಹೇಳಿದ್ನಲ್ಲ." ಐದು ನಿಮಿಷ ಬಿಟ್ಟು ಪುನಃ, "ಎಡಗಣ್ಣೇ ತಾನೇ?"

ಬೇರೆ ಯಾವ ಆಫೀಸಿನಲ್ಲಾದರೂ ಪರದೆ ಆರಿತೆಂದರೆ ಮೊದಲು ಪರದೆಯನ್ನು ನೋಡುತ್ತಾರೆ. ಇದು ಕಣ್ಣಾಸ್ಪತ್ರೆ. ಇಲ್ಲಿ ಯಾರಿಗಾದರೂ ಏನಾದರೂ ಕಾಣಲಿಲ್ಲವೆಂದರೆ ನೋಡುವುದು ಅವರ ಕಣ್ಣನ್ನು.

ಕನ್ನಡಕದಣ್ಣ ಪ್ರೀತಿಯಿಂದಲೇ ಕರೆದುಕೊಂಡು ಹೋಗಿ ಅಕ್ಷರದ ಪಟ್ಟಿಯ ಮುಂದೆ ಕೂರಿಸಿದ. "ಅಕ್ಕ, ಕೊನೇ ಸಾಲು ಓದಿ."

ಚಿಕ್ಕಮ್ಮ ಗಡಗಡನೆ ಓದಿದಳು.

"ಇದು ಲೆಕ್ಕಕ್ಕಿಲ್ಲ. ನಿಮಗೆ ಬಾಯಿಪಾಠ ಆಗಿರುತ್ತೆ."

"ಇಪ್ಪತ್ತೆರಡು ವರ್ಷದಿಂದ ಜನ ಓದೋದು ಕೇಳಿಸ್ಕೋತಿದೀನಿ, ಆಗದೆ ಇರುತ್ತಾ? ಬೇಕಾದ್ರೆ ಹಿಂದಿನಿಂದಲೂ ಹೇಳ್ತೀನಿ."

"ಅದಕ್ಕೇ ಅಂದೆ, ಲೆಕ್ಕಕ್ಕಿಲ್ಲ. ಕಣ್ಣು ಒಣಗಿರಬಹುದು. ಪರದೆ ನೋಡೋವಾಗ ಜಾಸ್ತಿ ಮಿಟುಕಿಸ್ತಾ ಇರಿ."

"ಮಿಟುಕಿಸ್ತಿರೋದು ನಾನಲ್ಲ ಕಣಯ್ಯ, ಅದು!"

ಸಂಜೆ ಅವಳ ಕೈಗೆ ಒಂದು ಹನಿ ಔಷಧದ ಸೀಸೆ ಬಂತು. ದಿನಕ್ಕೆ ನಾಲ್ಕು ಸಲ. ಪರದೆಯ ಕಾಯಿಲೆಗೆ ಚಿಕ್ಕಮ್ಮನ ಕಣ್ಣಿಗೆ ಮದ್ದು.

ಕಂಪ್ಯೂಟರಿನವನೂ ಬಂದ. ಒಂದಲ್ಲ, ಮೂರು ಸಲ. ಮೇಜಿನ ಕೆಳಗೆ ಕುಕ್ಕರುಗಾಲಲ್ಲಿ ಕೂತು ಪ್ಲಗ್ಗು ಕಿತ್ತು ಸಿಕ್ಕಿಸಿದ, ತಂತಿ ಬದಲಾಯಿಸಿದ, ಕರೆಂಟು ಉಳಿಸಲು ಪರದೆ ತಾನೇ ಮಲಗುವಂತೆ ಏನಾದರೂ ಹೇಳಿಟ್ಟಿದೆಯೋ ಎಂದು ಹುಡುಕಿದ. ಡಾಕ್ಟರ ಕೋಣೆಯ ಮಾನಿಟರನ್ನು ಇಲ್ಲಿಗೂ ಇಲ್ಲಿಯದನ್ನು ಅಲ್ಲಿಗೂ ಹಾಕಿದ. ಅಲ್ಲಿಗೆ ಹೋದದ್ದು ಒಂದು ಸಲವೂ ಆರಲಿಲ್ಲ; ಇಲ್ಲಿಗೆ ಬಂದ ಸಾಧುಪ್ರಾಣಿ ಮರುದಿನವೇ ಕೆಟ್ಟ ಚಾಳಿ ಕಲಿಯಿತು. ಕೊನೆಗೆ ಎರಡನ್ನೂ ಮೊದಲಿನ ಜಾಗಕ್ಕೇ ಸೇರಿಸಿದ. ಅವನು ಕೆಲಸ ಮಾಡುವಾಗ "ಅಮ್ಮಾ, ನೀವು ಅಲ್ಲಾಡಬೇಡಿ, ಕೂತೇ ಇರಿ" ಎನ್ನುತ್ತಿದ್ದ. ಚಿಕ್ಕಮ್ಮ ಬೊಂಬೆಯಂತೆ ಕೂರುತ್ತಿದ್ದಳು. ಒಂದು ಗಂಟೆ ಕಾದರೂ ಪರದೆ ನಿಶ್ಚಲ. "ಸರಿಹೋಯ್ತು ಬಿಡಿ" ಎಂದು ಅವನು ಚೀಲ ಹೆಗಲಿಗೇರಿಸಿ ಹೊರಡುತ್ತಿದ್ದ. ಪಾಪ, ಇಷ್ಟು ಕಷ್ಟಪಟ್ಟನಲ್ಲ ಎಂದು ಬಾಗಿಲವರೆಗೆ ಕಳಿಸಲು ಇವಳು ಏಳುತ್ತಿದ್ದಳು. ಅವನ ಬೆನ್ನ ಹಿಂದೆ ಪರದೆ ಮಂಗಮಾಯ.

ಮೂರನೆಯ ಸಲ ಬಂದಾಗ ಅವಳು ತನ್ನ ಸಂಶೋಧನೆಯನ್ನು ಅವನ ಮುಂದಿಟ್ಟಳು. "ನೋಡಪ್ಪ, ನಾನು ಗಮನಿಸಿದೀನಿ. ಕಣ್ಣಿಗೆ ಪಟ್ಟಿ ಕಟ್ಟಿದವರು ಬಂದಾಗಲೇ ಇದು ಹೋಗೋದು. ಮಾಮೂಲಿನವರು ಬಂದ್ರೆ ಏನೂ ಆಗಲ್ಲ."

ಅವನು ನಕ್ಕ ರಭಸಕ್ಕೆ ತಲೆ ಮೇಜಿನ ಅಡಿಗೆ ಬಡಿಯಿತು. "ಅವರ ಕಣ್ಣು ಕಟ್ಟಿದ್ರೆ ಇದೂ ಕಣ್ಣು ಮುಚ್ಚುತ್ತಾ ಅಮ್ಮ? ಯಾರದೋ ದೃಷ್ಟಿ ತಾಗಿರಬೇಕು. ಕಣ್ಣಾಸ್ಪತ್ರೆ ಅಂದ ಮೇಲೆ ದೃಷ್ಟಿಗೇನು ಬರ!"

ಈ ಮಾತು ಕನ್ನಡಕದಣ್ಣನ ಕಿವಿಗೆ, ಅಲ್ಲಿಂದ ನರ್ಸುಗಳ ಕಿವಿಗೆ, ಅಲ್ಲಿಂದ ಮರಿಡಾಕ್ಟರ ಕಿವಿಗೆ ತಲುಪಿತು. ಮರಿಡಾಕ್ಟರೆಂದರೆ ಹಳೆಯ ಡಾಕ್ಟರ ಮಗಳು. ಕಳೆದ ವರ್ಷದಿಂದ ಆಸ್ಪತ್ರೆ ನಡೆಸುವವರು. ಎದುರಿಗೆ ಯಾರೂ ಹಾಗೆ ಕರೆಯುವ ಧೈರ್ಯ ಮಾಡುವುದಿಲ್ಲ. ಕೆಟ್ಟವರಲ್ಲ, ಆದರೆ ಅವಸರದವರು. ಮನುಷ್ಯನ ಕಣ್ಣಿನ ಹಿಂಬದಿಯ ಗೋಡೆಯಲ್ಲಿ ಸಾಸಿವೆಕಾಳಿನಷ್ಟು ಕಲೆಯಿದ್ದರೂ ಹಿಡಿಯುತ್ತಾರೆ. ಮುಂಬದಿಯಲ್ಲಿ ಮನುಷ್ಯನೊಬ್ಬನಿದ್ದಾನೆ ಎಂಬುದು ಒಮ್ಮೊಮ್ಮೆ ತಪ್ಪಿಹೋಗುತ್ತದೆ. ಅವರಿಗೆ ಅದಾಗಲೇ ಇಬ್ಬರು ರೋಗಿಗಳಿಂದ ದೂರು ಬಂದಿತ್ತು: "ಮುಂದೆ ಕೂತಿರೋ ಅಮ್ಮಂಗೆ ಕಣ್ಣು ಸರಿಯಿಲ್ಲ ಅನ್ಸುತ್ತೆ, ಮೂರು ಮೂರು ಸಲ ಕೇಳ್ತಾರೆ."

ಗುರುವಾರ ಸಂಜೆ ಕರೆದು ಮೆಲ್ಲಗೇ ಹೇಳಿದರಂತೆ. "ಆಂಟಿ, ಬೇಜಾರು ಮಾಡ್ಕೋಬೇಡಿ. ಸೋಮವಾರದಿಂದ ನೀವು ಸ್ಟೋರ್ ರೂಮ್ ನೋಡ್ಕೊಳಿ. ಹತ್ತಿ, ಪಟ್ಟಿ, ಔಷಧ ಎಣಿಸಿಡೋದು ಅಷ್ಟೇ. ಆರಾಮಾಗಿ ಕೂತಿರಬಹುದು. ಪರದೆ ನೋಡೋ ಕಾಟ ಇಲ್ಲ."

ಆ ರಾತ್ರಿ ಫೋನಿನಲ್ಲಿ ಅವಳ ದನಿ ಕೇಳಿ ನಾನು ಹೆದರಿದೆ. ಯಾವತ್ತೂ ನಾನು ಮಾತಾಡಲು ಸಂದು ಸಿಗದಂತೆ ಮಾತಾಡುವವಳು ಅರ್ಧರ್ಧ ವಾಕ್ಯಕ್ಕೆ ನಿಲ್ಲಿಸುತ್ತಿದ್ದಳು.

"ಅಲ್ವೇ, ಅಲ್ಲಿ ನಾನು ಯಾರ ಹತ್ರ ಮಾತಾಡ್ಲಿ? ಹತ್ತಿ ಉಂಡೆ ಹತ್ರಾನಾ? ಒಂದು ಕಿಟಕೀನೂ ಇಲ್ಲ ಅಲ್ಲಿ." ಸ್ವಲ್ಪ ಹೊತ್ತಿನ ಮೇಲೆ, "ನಿಜವಾಗ್ಲೂ ನನ್ನ ಕಣ್ಣೇ ಹೋಗಿದ್ಯೋ ಏನೋ. ಎಲ್ಲರೂ ಹೇಳಿದ ಮೇಲೆ..."

"ಚಿಕ್ಕಮ್ಮ, ಕತ್ತಲಲ್ಲಿ ಸೂಜಿಗೆ ದಾರ ಪೋಣಿಸ್ತೀಯ ನೀನು."

"ಅದು ಅಭ್ಯಾಸ ಕಣೇ" ಎಂದಳು. ನನಗೆ ಭಯವಾದದ್ದು ಆ ಮಾತಿಗೆ. ಅವಳು ತನ್ನ ಮೇಲೆ ತಾನೇ ಅನುಮಾನ ಪಡುವುದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಆದರೆ ಶುಕ್ರವಾರ ಒಂದು ಹಟ ಹಿಡಿದಳು. "ಆಯ್ತು ಡಾಕ್ಟ್ರೇ, ಹೋಗ್ತೀನಿ. ಆದರೆ ಬೇರೆ ಯಾರಾದ್ರೂ ಅರ್ಧ ದಿನ ಅಲ್ಲಿ ಕೂತು ನೋಡಲಿ. ಆಮೇಲೆ ನನ್ನ ಕಣ್ಣಿನ ಮೇಲೆ ತಪ್ಪು ಹೊರಿಸಿ." ಮರಿಡಾಕ್ಟರು ನ್ಯಾಯವಂತರು. "ಬೇರೆ ಯಾರೋ ಯಾಕೆ? ಶನಿವಾರ ಬೆಳಗ್ಗೆ ನನಗೆ ಆಪರೇಷನ್ ಇಲ್ಲ, ಹೊರಗಿನ ರೋಗಿಗಳನ್ನ ಅಪ್ಪ ನೋಡ್ತಾರೆ. ನಾನೇ ಕೂರ್ತೀನಿ" ಅಂದರು.

ಶನಿವಾರ ನಾನೂ ಹೋದೆ. ನನಗೆ ಚಾಳೀಸು ಬಂದು ಆರು ತಿಂಗಳಾಗಿತ್ತು. ಪತ್ರಿಕೆಯನ್ನು ದೂರ ದೂರ ಹಿಡಿದು ಓದುತ್ತ, ಕೈಯುದ್ದ ಸಾಲದೆ ಬಂದ ಸ್ಥಿತಿ. ಕನ್ನಡಕದಣ್ಣ ಎರಡೂ ಕಣ್ಣಿಗೆ ಹನಿ ಹಾಕಿ ಬೆಂಚಿನ ಮೇಲೆ ಕೂರಿಸಿದ. ಹೀಗಾಗಿ ಮುಂದೆ ನಡೆದುದನ್ನೆಲ್ಲ ನಾನು ಕಣ್ಣಾರೆ ಕಂಡೆ, ಆದರೆ ಮಂಜುಮಂಜಾಗಿ. ಪಕ್ಕದಲ್ಲಿ ಚಿಕ್ಕಮ್ಮ, ತನ್ನದೇ ಆಸ್ಪತ್ರೆಯಲ್ಲಿ ರೋಗಿಗಳ ಸಾಲಿನಲ್ಲಿ, ಸೆರಗನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ.

ಮರಿಡಾಕ್ಟರು ಆ ಕುರ್ಚಿಯಲ್ಲಿ ಕೂತರು. "ನೆಕ್ಸ್ಟ್!" ಬಂದವರ ಹೆಸರು, ವಯಸ್ಸು, ಕಣ್ಣು, ಟಕಟಕ. "ನೆಕ್ಸ್ಟ್!" ಹತ್ತು ಗಂಟೆ, ಹತ್ತೂವರೆ, ಹನ್ನೊಂದು. ಚಿಕ್ಕಮ್ಮ ಪರದೆಯ ಮೇಲೆ ನೆಟ್ಟ ಕಣ್ಣು ಕೀಳಲಿಲ್ಲ. ಪರದೆ ಪ್ಲಗ್ಗು ಹಾಕಿದ ದಿನದಂತೆ ಬೆಳಗುತ್ತಲೇ ಇತ್ತು. ಹನ್ನೊಂದೂವರೆಗೆ ಮರಿಡಾಕ್ಟರು ಇತ್ತ ತಿರುಗಿ, ಜಯದ ದನಿಯಲ್ಲೇನಲ್ಲ, ಸಂಕಟದಲ್ಲೇ, "ಆಂಟಿ, ಒಂದ್ಸಲನೂ ಹೋಗ್ಲಿಲ್ವಲ್ಲ" ಅಂದರು.

ಚಿಕ್ಕಮ್ಮನ ಕೈ ಸೆರಗಿನ ಮೇಲೆ ನಿಂತುಹೋಯಿತು.

ಆಗಲೇ ಒಳಗಿನಿಂದ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದ ದಪ್ಪನೆಯ ಮನುಷ್ಯರೊಬ್ಬರು ಹೊರಬಂದರು. "ಅಲ್ಲೇ ಎಡಗಡೆ ಕೂತ್ಕೊಳಿ" ಎಂದು ಮರಿಡಾಕ್ಟರು ಕೂತಲ್ಲಿಂದಲೇ ಕೂಗಿದರು. ಆ ಮನುಷ್ಯ ತಮ್ಮ ಎಡಕ್ಕೆ ಹೊರಳಿ, ಒಂದು ಬಾಗಿಲು ತೆರೆದು, ನೆಲ ಒರೆಸುವ ಬಕೆಟ್ಟುಗಳಿಡುವ ಗೂಡಿನೊಳಗೆ ಹೋಗಿ ಬಾಗಿಲು ಹಾಕಿಕೊಂಡರು. ಒಳಗೆ ಏನೋ ಢಣಾರೆಂದಿತು. ಚಿಕ್ಕಮ್ಮ ಓಡಿದಳು. ಕೈ ಹಿಡಿದು ಹೊರಗೆ ತಂದು, "ಇಲ್ಲಿ, ಇಲ್ಲಿ, ನಿಧಾನ, ಹಿಂದೆ ಬೆಂಚಿದೆ" ಎಂದು ನನ್ನ ಪಕ್ಕ ಕೂರಿಸಿದಳು.

ಕೂರಿಸಿದವಳು ಹಾಗೇ ನಿಂತಳು. ಮೇಜನ್ನು ನೋಡಿದಳು. ಆ ಮನುಷ್ಯನನ್ನು ನೋಡಿದಳು. ಮತ್ತೆ ಮೇಜನ್ನು.

"ಡಾಕ್ಟ್ರೇ, ಒಂದ್ಸಲ ಏಳಿ."

"ಇನ್ನೂ ಹನ್ನೆರಡಾಗಿಲ್ಲ ಆಂಟಿ."

"ಜಾಗ ಬಿಡಿ ಅಂತಿಲ್ಲ. ಬೆಳಗ್ಗೆಯಿಂದ ನೀವು ಎದ್ದೇ ಇಲ್ಲ. ಸುಮ್ನೆ ಒಂದ್ಸಲ ಎದ್ದು ನಿಂತ್ಕೊಳಿ."

ಮರಿಡಾಕ್ಟರು ಸಿಡುಕಿನಿಂದ ದಡಕ್ಕನೆ ಎದ್ದರು.

ಪರದೆ ಕಪ್ಪಾಯಿತು. ಮಂಜುಗಣ್ಣಿನ ನನಗೂ ಕಂಡಿತು; ಕಿಟಕಿಯಷ್ಟು ಬೆಳಕು ಇದ್ದ ಕಡೆ ಒಮ್ಮೆಲೇ ಕಿಟಕಿಯಷ್ಟು ಕತ್ತಲು. ಒಂದು, ಎರಡು, ಮೂರು. ಮತ್ತೆ ಬೆಳಕು.

ಮರಿಡಾಕ್ಟರು ಏನು ಮಾಡಿದರು ಗೊತ್ತೆ? ತಮ್ಮ ಎರಡೂ ಕಣ್ಣು ಉಜ್ಜಿಕೊಂಡರು.

"ಏನಾದ್ರೂ ಕಾಣ್ತಾ?" ಎಂದಳು ಚಿಕ್ಕಮ್ಮ.

"ಆಂ... ಒಂದು ಕ್ಷಣ..."

"ನಾನು ಹೇಳಲ್ಲಪ್ಪ. ನನಗೆ ಕಣ್ಣು ಸರಿಯಿಲ್ಲ. ನೀವೇ ಹೇಳಿ."

ಬೆಂಚಿನ ಸಾಲು ಗೊಳ್ಳೆಂದಿತು. ಮರಿಡಾಕ್ಟರ ಮುಖ ಕೆಂಪಾಗಿ, ಆಮೇಲೆ ಅವರೂ ನಕ್ಕರು. ನಗುತ್ತಲೇ ಕೂತರು, ಎದ್ದರು. ಏನೂ ಆಗಲಿಲ್ಲ. ಮತ್ತೆ ಕೂತು ಎದ್ದರು. ಕಪ್ಪು! ಗದ್ದಲ ಕೇಳಿ ಕನ್ನಡಕದಣ್ಣ ಓಡಿಬಂದ. ವಿಷಯ ತಿಳಿದು ಅವನ ಮುಖ ಸಣ್ಣಗಾಯಿತು. "ನಾನು ಆರಿಸಿ ತಂದ ಕುರ್ಚಿ ಅಕ್ಕ ಅದು! ಕುರ್ಚಿಗೂ ಪರದೆಗೂ ಏನು ಸಂಬಂಧ? ಒಂದಕ್ಕೊಂದು ತಾಗಿಯೂ ಇಲ್ಲ."

"ನೀನು ಲೆನ್ಸ್ ಹಾಕೋವಾಗ ಏನು ಮಾಡ್ತೀಯ? ಒಂದು ತೆಗೆದು ಒಂದು ಹಾಕಿ, ಇದು ಚೆನ್ನಾಗಿದ್ಯಾ, ಅದು ಚೆನ್ನಾಗಿದ್ಯಾ ಅಂತ ಕೇಳಲ್ವಾ? ಒಟ್ಟಿಗೇ ನಾಲ್ಕು ಹಾಕ್ತೀಯಾ? ಹೋಗು, ಸ್ಟೋರಿಂದ ನನ್ನ ಮರದ ಕುರ್ಚಿ ತಗೊಂಡು ಬಾ."

ಅಲ್ಲಿಂದ ಅರ್ಧ ಗಂಟೆ ಆ ಪಡಸಾಲೆಯಲ್ಲಿ ಕಣ್ಣಿನ ವಿಚಾರ ಯಾರಿಗೂ ಬೇಡವಾಯಿತು. ಚಿಕ್ಕಮ್ಮ ಮೊದಲ ದಿನ ಮಾಡಿದಂತೆಯೇ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರನ್ನೇ ಚಕ್ರದ ಕುರ್ಚಿಯಲ್ಲಿ ಕೂರಿಸಿ ಎಬ್ಬಿಸಿದಳು. ಕೂರಲು ನೂಕುನುಗ್ಗಲು, ಏಳಲು ಯಾರಿಗೂ ಮನಸ್ಸಿಲ್ಲ. ಬಕೆಟ್ ಗೂಡಿನಿಂದ ಬಂದ ದಪ್ಪನೆಯವರು ಕಣ್ಣಿಗೆ ಪಟ್ಟಿಯಿದ್ದರೂ ಬಿಡಲಿಲ್ಲ. ಅವರು ಎದ್ದಾಗಲೆಲ್ಲ ಪರದೆ ತಪ್ಪದೆ ಆರಿತು. "ಹೋಯ್ತಾ? ಹೋಯ್ತಾ?" ಎಂದು ಕೇಳುತ್ತ ಅವರು ಏಳುವುದು, "ಹೋಯ್ತು!" ಎಂದು ಜನ ಕೂಗುವುದು. ಚಕ್ರದ ಕುರ್ಚಿಯಿಂದ ಇಪ್ಪತ್ತು ಏಳುವಿಕೆಗೆ ಒಂಬತ್ತು ಸಲ ಕತ್ತಲು. ಮರದ ಕುರ್ಚಿಯಿಂದ ಇಪ್ಪತ್ತಕ್ಕೆ ಒಂದೂ ಇಲ್ಲ. ಇಂಥ ಎದ್ದು ಕಾಣುವ ದೋಷ ಮೂರು ವಾರ ಯಾರಿಗೂ ಕಂಡಿರಲಿಲ್ಲ, ಏಕೆಂದರೆ ಎದ್ದವಳು ಒಬ್ಬಳೇ.

ಫೋನಿನಲ್ಲಿ ಕಂಪ್ಯೂಟರಿನವನು ಮತ್ತೆ ನಕ್ಕ. ಹತ್ತು ನಿಮಿಷದ ಮೇಲೆ ತಾನೇ ಫೋನ್ ಮಾಡಿ, ನಗದೆ ಹೇಳಿದ. "ಹೌದಂತೆ ಅಮ್ಮ, ಬೇರೆ ಕಡೆನೂ ಆಗಿದೆಯಂತೆ. ಆ ಕುರ್ಚಿ ಕಾಲೊಳಗೆ ಗಾಳಿ ತುಂಬಿದ ಕೊಳವೆ ಇರುತ್ತೆ. ಎದ್ದಾಗ ಅದು ಮೇಲಕ್ಕೆ ಚಿಮ್ಮುತ್ತಲ್ಲ, ಆಗ ಕಣ್ಣಿಗೆ ಕಾಣದಂಥ ಸಣ್ಣ ಕಿಡಿ ಹುಟ್ಟುತ್ತಂತೆ. ಮಾನಿಟರಿನ ತಂತಿ ಅದಕ್ಕೆ ಬೆಚ್ಚಿಬೀಳುತ್ತೆ. ಕೂತೇ ಇದ್ರೆ ಏನೂ ತೊಂದರೆ ಇಲ್ಲ."

ಕುರ್ಚಿ ಬಿಡದವರಿಗೆ ತೊಂದರೆಯಿಲ್ಲ ಎನ್ನುವುದು ಲೋಕಕ್ಕೆಲ್ಲ ಗೊತ್ತಿರುವ ಸಂಗತಿ.

"ಹಾಗಾದ್ರೆ ಸುಲಭ ಆಯ್ತಲ್ಲ" ಎಂದ ಕನ್ನಡಕದಣ್ಣ, ತನ್ನ ಕುರ್ಚಿಯ ಮಾನ ಉಳಿಸುವ ಕೊನೆಯ ಆಸೆಯಿಂದ. "ಅಕ್ಕ ಇನ್ಮೇಲೆ ಏಳದಿದ್ರೆ ಸಾಕು. ಡಾಕ್ಟರ್ ಥರ ಕೂತಲ್ಲೇ ಕೂಗಲಿ."

ಇದಕ್ಕೆ ಉತ್ತರ ಕೊಟ್ಟವರು ಮರಿಡಾಕ್ಟರು. "ನಾನು ಕೂತಲ್ಲೇ ಕೂಗಿ ಒಬ್ಬರನ್ನ ಬಕೆಟ್ ಗೂಡಿಗೆ ಕಳಿಸಿದೀನಿ. ಆ ಕುರ್ಚಿ ನೀನಿಟ್ಕೋ, ನಿನ್ನ ಕೋಣೇಲಿ ಪರದೆ ಇಲ್ಲ. ಬಡಗಿಗೆ ಹೇಳಿ ಮರದ ಕುರ್ಚಿಯ ಕಾಲು ನಾಲ್ಕು ಬೆರಳು ಎತ್ತರಿಸು, ಮೇಲೊಂದು ದಿಂಬು ಹೊಲಿಸು. ಎತ್ತರ ಇದ್ರೆ ಏಳೋವಾಗ ಮಂಡಿ ನೋಯಲ್ಲ." ಆಮೇಲೆ ದನಿ ತಗ್ಗಿಸಿ, "ಆಂಟಿ, ಹೀಗೆ ಎಲ್ಲರಿಗೂ ಏಳ್ತೀನಿ ಅಂತ ನೀವು ಮೊದಲೇ ಯಾಕೆ ಹೇಳ್ಲಿಲ್ಲ?"

"ಯಾರು ಕೇಳಿದ್ರು? ಎಲ್ಲಾ ನನ್ನ ಕಣ್ಣು ಕೇಳಿದ್ರಿ, ಕಾಲು ಕೇಳ್ಲಿಲ್ಲ."

"ತಪ್ಪಾಯ್ತು" ಎನ್ನುವುದು ಡಾಕ್ಟರುಗಳ ಬಾಯಲ್ಲಿ ಸುಲಭಕ್ಕೆ ಹೊರಡುವ ಮಾತಲ್ಲ. "ಸೋಮವಾರ ಎಂಟೂವರೆಗೇ ಬನ್ನಿ. ಮೊದಲ ನಂಬರಿನವರು ಬೇಗ ಬರ್ತಾರೆ" ಅಂದರು ಮರಿಡಾಕ್ಟರು. "ಎಲ್ಲಿಗೆ, ಸ್ಟೋರಿಗಾ?" ಎಂದು ಚಿಕ್ಕಮ್ಮ ಬೇಕೆಂದೇ ಕೇಳಿದಳು. "ನಿಮ್ಮ ಮೇಜಿಗೆ" ಎಂದು ಅವರು ಬೇಕೆಂದೇ ಎಲ್ಲರಿಗೂ ಕೇಳುವಂತೆ ಹೇಳಿದರು.

ಹನ್ನೆರಡೂವರೆಗೆ ನನ್ನ ನಂಬರು ಬಂತು. ಮರದ ಕುರ್ಚಿಯಲ್ಲಿ ಕೂತಿದ್ದ ಚಿಕ್ಕಮ್ಮ ಎದ್ದು ಬಂದು ನನ್ನ ಮೊಣಕೈ ಹಿಡಿದಳು. ಮಂಡಿ ಕಟಕ್ಕೆಂದದ್ದು ನನಗೂ ಕೇಳಿಸಿತು. "ನಂಗೆ ಕಾಣ್ತದೆ ಬಿಡು" ಎಂದರೆ, "ಏನು ಕಾಣ್ತದೋ! ಮೆಟ್ಟಿಲಿದೆ, ನೋಡ್ಕೊಂಡು" ಎಂದು ಗದರಿದಳು. ಮೂರು ವಾರದಿಂದ ಎದ್ದಾಗೆಲ್ಲ ಹೆಗಲ ಮೇಲಿಂದ ಹಿಂದೆ ನೋಡುತ್ತಿದ್ದವಳು, ನನ್ನನ್ನು ಒಳಗೆ ಬಿಟ್ಟು ಬರುವವರೆಗೆ ಒಮ್ಮೆಯೂ ಪರದೆಯತ್ತ ತಿರುಗಲಿಲ್ಲ.